ಬರೆದದ್ದರ ಮೇಲೆ ಬರೆದರೂ ಹಳೆಯದು ಉಳಿಯಬೇಕೇ?

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ಸಂಕಟ ಗೊತ್ತಿರುತ್ತದೆ. ನಲವತ್ತು ಪುಟದ ಯೂನಿಕೋಡ್ ಬರಹವೊಂದನ್ನು ನಾನು ಹಳೆಯ ವಿಂಡೋಸ್‌ನ ನೋಟ್‌ಪ್ಯಾಡಿಗೆ ಅಂಟಿಸಿ, ಎರಡು ಕಾಗುಣಿತ ತಿದ್ದಿ, ಅದೇ ಹೆಸರಿಗೆ ಸೇವ್ ಮಾಡಿದೆ. ಕೆಳಗೆ ‘ಆನ್ಸಿ’ (ಕನ್ನಡ ಅಕ್ಷರಗಳನ್ನು ಹಿಡಿದಿಡಲಾಗದ ಹಳೆಯ ಬಗೆ) ಎಂದಿದ್ದದ್ದು ಕಣ್ಣಿಗೆ ಬೀಳಲಿಲ್ಲ, ಬಂದ ಎಚ್ಚರಿಕೆಯನ್ನು ಓದಲೂ ಇಲ್ಲ. ಮರುದಿನ ತೆರೆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ. ಕ್ಲೌಡ್‌ನಲ್ಲಿ ಪ್ರತಿ ಇದೆಯಲ್ಲ ಎಂಬ ಧೈರ್ಯವೂ ಹೆಚ್ಚು ಹೊತ್ತು ಉಳಿಯಲಿಲ್ಲ. ರಾತ್ರಿ ತಾನಾಗಿ ಅಪ್‌ಲೋಡ್ ಆಗುವಂತೆ ನಾನೇ ಮಾಡಿಟ್ಟಿದ್ದ ಏರ್ಪಾಡು ಹಳೆಯ ಫೈಲನ್ನು ಎತ್ತಿ, ಅದರ ಜಾಗದಲ್ಲಿ ಆ ಪ್ರಶ್ನಾರ್ಥಕಗಳನ್ನೇ ಕೂರಿಸಿತ್ತು.

ಅಮೆಜಾನಿನ ಎಸ್-3 ಎಂಬ ಕ್ಲೌಡ್ ಸಂಗ್ರಹವನ್ನು 99.999999999 ಶೇಕಡಾ ಬಾಳಿಕೆಗೆ ವಿನ್ಯಾಸ ಮಾಡಲಾಗಿದೆ. ಈ ಒಂಬತ್ತುಗಳ ಸಾಲು ಕಾಪಾಡುವುದು ಡಿಸ್ಕ್ ಕೆಡುವುದರಿಂದ. ನಾವೇ ಕೆಡಿಸಿ ಕಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ! ನಮ್ಮ ಕೈತಪ್ಪಿಗೆ ಇರುವ ಮದ್ದು ಬೇರೆ. ಅದರ ಹೆಸರು ವರ್ಷನಿಂಗ್, ಅಂದರೆ ಫೈಲಿನ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವುದು. ಎಸ್-3 ಶುರುವಾದದ್ದು 2006ರಲ್ಲಿ, ಈ ಸೌಲಭ್ಯ ಬಂದದ್ದು 2010ರಲ್ಲಿ. ಇಂದಿಗೂ ಇದು ತಾನಾಗಿ ಚಾಲೂ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಒಳಗೆ ನಡೆಯುವುದೇನು?

ಎಸ್-3ರಲ್ಲಿ ಫೈಲುಗಳನ್ನು ಇಡುವ ಜಾಗಕ್ಕೆ ಬಕೆಟ್ ಎನ್ನುತ್ತಾರೆ. ಅದರಲ್ಲಿ ಪ್ರತಿ ಫೈಲಿಗೂ ಒಂದು ಹೆಸರು, ಅದೇ ಅದರ ಕೀಲಿ. ಅಲ್ಲಿರುವ ಫೈಲನ್ನು ಅಲ್ಲೇ ಒಂದು ಸಾಲು ತಿದ್ದಲು ಬರುವುದಿಲ್ಲ. ಅದೇ ಹೆಸರಿನಲ್ಲಿ ಮತ್ತೆ ಕಳಿಸಿದರೆ ಇಡೀ ಫೈಲ್ ಬದಲಾಗುತ್ತದೆ, ಹಳೆಯದು ಹೋಗುತ್ತದೆ. ವರ್ಷನಿಂಗ್ ಚಾಲೂ ಇದ್ದರೆ ಪ್ರತಿ ಬಾರಿ ಬಂದದ್ದಕ್ಕೂ ಬೇರೆಯದೇ ಗುರುತಿನ ಸಂಖ್ಯೆ ಸಿಗುತ್ತದೆ. ಹೊಸದು ಮೇಲೆ ಕೂರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ.

ಅಳಿಸುವಾಗ ಆಗುವುದು ಇನ್ನೂ ಸ್ವಾರಸ್ಯದ್ದು. ವರ್ಷನಿಂಗ್ ಇರುವ ಬಕೆಟ್‌ನಲ್ಲಿ ಫೈಲನ್ನು ಮಾಮೂಲಿಯಾಗಿ ಡಿಲೀಟ್ ಮಾಡಿದರೆ ಏನೂ ಅಳಿಯುವುದಿಲ್ಲ. ‘ಡಿಲೀಟ್ ಮಾರ್ಕರ್’ ಎಂಬ ಖಾಲಿ ಗುರುತೊಂದು ಮೇಲೆ ಬಂದು ಕೂರುತ್ತದೆ. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಕೇಳಿದವರಿಗೆ ‘404, ಇಲ್ಲ’ ಎಂಬ ಉತ್ತರ ಹೋಗುತ್ತದೆ, ಸಾರು ಮಾತ್ರ ಒಳಗೇ ಇರುತ್ತದೆ. ಆ ಗುರುತನ್ನು ಅಳಿಸಿದರೆ ಫೈಲ್ ಮತ್ತೆ ಪ್ರತ್ಯಕ್ಷ.

ಚಾಲೂ ಮಾಡುವುದು

ಇದು ಎರಡು ನಿಮಿಷದ ಕೆಲಸ. ಅಮೆಜಾನಿನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಕನ್ಸೋಲ್‌ಗೆ, ಅಂದರೆ ನಿರ್ವಹಣೆಯ ಜಾಲಪುಟಕ್ಕೆ, ಹೋಗಿ ಎಸ್-3 ತೆರೆದು ನಿಮ್ಮ ಬಕೆಟ್ ಒತ್ತಿ. ‘ಪ್ರಾಪರ್ಟೀಸ್’ ಟ್ಯಾಬ್‌ನಲ್ಲಿ ‘ಬಕೆಟ್ ವರ್ಷನಿಂಗ್’ ಎಂಬ ಚೌಕವಿದೆ. ‘ಎಡಿಟ್’ ಒತ್ತಿ, ‘ಎನೇಬಲ್’ ಆರಿಸಿ, ಸೇವ್ ಮಾಡಿ. ಬಕೆಟ್ ಈಗಷ್ಟೇ ಮಾಡುವವರಾದರೆ ಅದನ್ನು ಸೃಷ್ಟಿಸುವ ಪುಟದಲ್ಲೇ ಈ ಆಯ್ಕೆ ಸಿಗುತ್ತದೆ. ಮೊದಲ ಸಲ ಚಾಲೂ ಮಾಡಿದ ಮೇಲೆ 15 ನಿಮಿಷ ಬಿಟ್ಟು ಫೈಲ್ ಕಳಿಸಿ ಎಂಬುದು ಅಮೆಜಾನಿನದೇ ಸಲಹೆ. ಅಷ್ಟರೊಳಗೆ ಕಾಫಿ ಮುಗಿಸಿ.

ಇಲ್ಲಿ ಎರಡು ಮಾತು ತಿಳಿದಿರಲಿ. ಮೊದಲೇ ಬಕೆಟ್‌ನಲ್ಲಿದ್ದ ಫೈಲುಗಳಿಗೆ ಏನೂ ಆಗುವುದಿಲ್ಲ. ಅವುಗಳ ಆವೃತ್ತಿ ಸಂಖ್ಯೆಯ ಜಾಗದಲ್ಲಿ ‘ನಲ್’ ಎಂದಿರುತ್ತದೆ, ಅಷ್ಟೆ. ಇನ್ನು, ಒಮ್ಮೆ ಚಾಲೂ ಮಾಡಿದ ಬಕೆಟ್ ಮತ್ತೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಬೇಡವೆನಿಸಿದರೆ ‘ಸಸ್ಪೆಂಡ್’ ಮಾಡಬಹುದು. ಆಗಲೂ ಅದುವರೆಗೆ ಕೂಡಿದ ಹಳೆಯ ಆವೃತ್ತಿಗಳು ಇದ್ದಲ್ಲೇ ಇರುತ್ತವೆ, ಅವುಗಳ ಬಾಡಿಗೆಯೂ ಬರುತ್ತಲೇ ಇರುತ್ತದೆ.

ಹಳೆಯದನ್ನು ಮರಳಿ ತರುವುದು

‘ಆಬ್ಜೆಕ್ಟ್ಸ್’ ಟ್ಯಾಬ್‌ನಲ್ಲಿ ಪಟ್ಟಿಯ ಮೇಲೆ ‘ಶೋ ವರ್ಷನ್ಸ್’ ಎಂಬ ಗುಂಡಿಯಿದೆ. ಅದನ್ನು ಒತ್ತುವವರೆಗೆ ಹಳೆಯವು ಒಂದೂ ಕಾಣಿಸುವುದಿಲ್ಲ. ಒತ್ತಿದರೆ ಒಂದೇ ಹೆಸರಿನ ಕೆಳಗೆ ಎಲ್ಲ ಆವೃತ್ತಿಗಳೂ ದಿನಾಂಕ, ಗಾತ್ರಗಳ ಸಮೇತ ಬಿಚ್ಚಿಕೊಳ್ಳುತ್ತವೆ. ಗಾತ್ರ ನೋಡಿಯೇ ಎಷ್ಟೋ ಸಲ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಯೂನಿಕೋಡ್ ಬರಹವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, ಪ್ರಶ್ನಾರ್ಥಕಕ್ಕೆ ಒಂದೇ ಸಾಕು. ನನ್ನ ಬರಹದ ಗಾತ್ರ ಸುಮಾರು ಮೂರನೇ ಒಂದು ಪಾಲಿಗೆ ಕುಸಿದಿತ್ತು.

ಇಲ್ಲಿಂದ ಎರಡು ದಾರಿ. ಸರಿಯಿದ್ದ ಆವೃತ್ತಿಯನ್ನು ಡೌನ್‌ಲೋಡ್ ಮಾಡಿ, ತೆರೆದು ನೋಡಿ, ಅದೇ ಹೆಸರಿಗೆ ಮತ್ತೆ ಅಪ್‌ಲೋಡ್ ಮಾಡುವುದು ಒಂದು. ಕೆಟ್ಟ ಹೊಸ ಆವೃತ್ತಿಯನ್ನು ಅಳಿಸಿ, ಕೆಳಗಿನದು ಮೇಲೆ ಬರುವಂತೆ ಮಾಡುವುದು ಇನ್ನೊಂದು. ನನ್ನ ಮತ ಮೊದಲಿನದಕ್ಕೆ. ಎರಡನೆಯದರಲ್ಲಿ ಅವಸರಕ್ಕೆ ಬೇರೆಯದನ್ನು ಅಳಿಸಿದರೆ ಮುಗಿಯಿತು. ‘ಶೋ ವರ್ಷನ್ಸ್’ ಚಾಲೂ ಇರುವಾಗ ಆವೃತ್ತಿಯೊಂದನ್ನು ಆರಿಸಿ ಅಳಿಸುವುದು ತಟ್ಟೆ ಮುಚ್ಚುವ ಕೆಲಸವಲ್ಲ, ಸಾರನ್ನೇ ಚೆಲ್ಲುವ ಕೆಲಸ. ಆಗ ಕನ್ಸೋಲ್ ‘ಪರ್ಮನೆಂಟ್ಲಿ ಡಿಲೀಟ್’ ಎಂದು ಟೈಪ್ ಮಾಡಲು ಕೇಳುತ್ತದೆ. ಮಾಮೂಲಿ ಅಳಿಸುವಿಕೆಗೆ ಬರೀ ‘ಡಿಲೀಟ್’ ಸಾಕು. ಕೇಳಿದ ಮಾತು ಯಾವುದೆಂದು ಓದಿಕೊಂಡು ಟೈಪ್ ಮಾಡಿ.

ಹೆಸರು ಬದಲಾಯಿಸುವವರಿಗೂ ಒಂದು ಎಚ್ಚರಿಕೆ. ಸಾಮಾನ್ಯ ಬಕೆಟ್‌ನಲ್ಲಿ ಹೆಸರು ಬದಲಿಸುವುದು ಎಂದರೆ ಹೊಸ ಹೆಸರಿನಲ್ಲಿ ನಕಲು ಮಾಡಿ ಹಳೆಯದನ್ನು ಅಳಿಸುವುದು. ಹಾಗಾಗಿ ಹಳೆಯ ಆವೃತ್ತಿಗಳೆಲ್ಲ ಹಳೆಯ ಹೆಸರಿನ ಕೆಳಗೇ ಉಳಿಯುತ್ತವೆ, ಹೊಸ ಹೆಸರಿಗೆ ಪೂರ್ವಚರಿತ್ರೆ ಇರುವುದಿಲ್ಲ. ‘ಕರಡು’ ಎಂಬುದನ್ನು ‘ಅಂತಿಮ’, ಆಮೇಲೆ ‘ಅಂತಿಮ-2’ ಎಂದು ಮಾಡುತ್ತ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ವರ್ಷನಿಂಗ್ ಹಾಕಿದ ಮೇಲೆ ಅದನ್ನು ಬಿಡಿ, ಒಂದೇ ಹೆಸರು ಇಟ್ಟುಕೊಳ್ಳಿ.

ಬಿಲ್ಲು ಬೆಳೆಯದಂತೆ

ಹೆಚ್ಚಿನವರು ಎಡವುವುದು ಇಲ್ಲಿ. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಎಸ್-3 ಉಳಿಸುತ್ತದೆ ಎಂದುಕೊಂಡರೆ ತಪ್ಪು. ಪ್ರತಿ ಆವೃತ್ತಿಯೂ ಪೂರ್ತಿ ಫೈಲ್, ಪ್ರತಿಯೊಂದಕ್ಕೂ ಪೂರ್ತಿ ಲೆಕ್ಕ. 200 ಎಂಬಿಯ ಪುಟವಿನ್ಯಾಸದ ಫೈಲನ್ನು 30 ಬಾರಿ ಕಳಿಸಿದರೆ 6 ಜಿಬಿ ಆಯಿತು. ಪಟ್ಟಿಯಲ್ಲಿ ಮಾತ್ರ 200 ಎಂಬಿಯ ಒಂದೇ ಫೈಲ್ ಕಾಣುತ್ತದೆ. ‘ಅಳಿಸಿದ್ದೇನಲ್ಲ’ ಎಂದು ನೆಮ್ಮದಿಯಾಗಿದ್ದ ಫೈಲುಗಳೂ ತಟ್ಟೆಯ ಕೆಳಗೆ ಕೂತು ಬಿಲ್ಲು ಬೆಳೆಸುತ್ತಿರುತ್ತವೆ. ಆದ್ದರಿಂದ ವರ್ಷನಿಂಗ್ ಚಾಲೂ ಮಾಡಿದ ದಿನವೇ, ಹಳೆಯದನ್ನು ಇಂತಿಷ್ಟು ದಿನದ ಮೇಲೆ ತಾನಾಗಿ ಅಳಿಸುವ ಲೈಫ್‌ಸೈಕಲ್ ನಿಯಮವನ್ನೂ ಬರೆಯಿರಿ. ನಾಳೆಗೆಂದು ಬಿಟ್ಟರೆ ಅದು ನೆನಪಾಗುವುದು ಬಿಲ್ಲು ಬಂದಾಗಲೇ.

‘ಮ್ಯಾನೇಜ್‌ಮೆಂಟ್’ ಟ್ಯಾಬ್‌ನಲ್ಲಿ ‘ಕ್ರಿಯೇಟ್ ಲೈಫ್‌ಸೈಕಲ್ ರೂಲ್’ ಒತ್ತಿ ಹೆಸರು ಕೊಡಿ. ಇಡೀ ಬಕೆಟ್‌ಗೋ ಅಥವಾ ನಿರ್ದಿಷ್ಟ ಪದದಿಂದ ಶುರುವಾಗುವ ಹೆಸರುಗಳಿಗೋ ಎಂದು ಆರಿಸಿ. ಕೆಳಗಿನ ಆಯ್ಕೆಗಳಲ್ಲಿ ‘ನಾನ್‌ಕರೆಂಟ್’ ಆವೃತ್ತಿಗಳನ್ನು, ಅಂದರೆ ಕೆಳಗೆ ಸರಿದವನ್ನು, ಶಾಶ್ವತವಾಗಿ ಅಳಿಸುವುದಕ್ಕೆ ಗುರುತು ಹಾಕಿ. ‘ಕರೆಂಟ್’ ಎಂದಿರುವುದರ ತಂಟೆಗೆ ಹೋಗಬೇಡಿ, ಅದು ಬಳಕೆಯಲ್ಲಿರುವ ಫೈಲುಗಳಿಗೆ ಸಂಬಂಧಿಸಿದ್ದು. ನಂತರ ಎರಡು ಸಂಖ್ಯೆ ತುಂಬಬೇಕು: ಎಷ್ಟು ದಿನ ಇಡಬೇಕು, ದಿನ ಕಳೆದರೂ ಇತ್ತೀಚಿನ ಎಷ್ಟು ಹಳೆಯ ಆವೃತ್ತಿಗಳನ್ನು ಉಳಿಸಬೇಕು. ಎರಡನೆಯದಕ್ಕೆ 100ರವರೆಗೆ ಅವಕಾಶವಿದೆ. ನಾನು 60 ದಿನ, 5 ಆವೃತ್ತಿ ಎಂದು ಇಟ್ಟಿದ್ದೇನೆ. ದಿನದ ಲೆಕ್ಕ ಶುರುವಾಗುವುದು ಫೈಲ್ ಹುಟ್ಟಿದ ದಿನದಿಂದಲ್ಲ, ಅದು ಕೆಳಗೆ ಸರಿದ ದಿನದಿಂದ. 2021ರ ಫೈಲಿನ ಮೇಲೆ ಇಂದು ಬರೆದರೆ ಹಳೆಯದರ 60 ದಿನದ ಎಣಿಕೆ ಇಂದಿನಿಂದ.

ಕೆಳಗಿದ್ದ ಆವೃತ್ತಿಗಳೆಲ್ಲ ಹೋದ ಮೇಲೆ ಒಂಟಿಯಾಗಿ ಉಳಿಯುವ ಡಿಲೀಟ್ ಮಾರ್ಕರ್‌ಗಳನ್ನು ಗುಡಿಸಲು ಅದೇ ಪುಟದಲ್ಲಿ ಇನ್ನೊಂದು ಆಯ್ಕೆಯಿದೆ. ಅದಕ್ಕೂ ಗುರುತು ಹಾಕಿಬಿಡಿ.

ಯಾರ ಕೈಗೆ ಯಾವ ಅಧಿಕಾರ?

ಒಬ್ಬರೇ ಬಳಸುವುದಾದರೆ ಇದು ಬೇಡ. ಕಚೇರಿಯಲ್ಲಿ ನಾಲ್ಕು ಜನ ಬಳಸುವುದಾದರೆ ಬೇಕು. ಫೈಲ್ ಅಳಿಸುವುದು, ಆವೃತ್ತಿಯನ್ನು ಅಳಿಸುವುದು: ಎಡಬ್ಲ್ಯೂಎಸ್‌ನಲ್ಲಿ ಇವೆರಡು ಬೇರೆ ಬೇರೆ ಅನುಮತಿಗಳು. ದಿನದ ಕೆಲಸದ ಖಾತೆಗಳಿಗೆ ಮೊದಲಿನದನ್ನಷ್ಟೇ ಕೊಟ್ಟರೆ ಯಾರು ಏನೇ ಅಳಿಸಿದರೂ ತಟ್ಟೆ ಮುಚ್ಚಿದ್ದಾಗುತ್ತದೆ ಹೊರತು ಸಾರು ಚೆಲ್ಲುವುದಿಲ್ಲ. ಲೈಫ್‌ಸೈಕಲ್ ನಿಯಮ ಬದಲಿಸುವ ಅನುಮತಿಯೂ ಎಲ್ಲರ ಕೈಗೆ ಬೇಡ, ಅದೂ ಅಳಿಸುವ ದಾರಿಯೇ.

ಇನ್ನೂ ಬಿಗಿ ಬೇಕೆಂದರೆ ‘ಆಬ್ಜೆಕ್ಟ್ ಲಾಕ್’ ಇದೆ. ಅದರ ‘ಕಂಪ್ಲಯನ್ಸ್’ ವಿಧಾನದಲ್ಲಿ ಅವಧಿ ಮುಗಿಯುವವರೆಗೆ ಖಾತೆಯ ಮೂಲ ಒಡೆಯರೂ ಆ ಆವೃತ್ತಿಯನ್ನು ಅಳಿಸಲಾರರು. ಹತ್ತು ವರ್ಷ ಎಂದು ತಪ್ಪಿ ಒತ್ತಿದರೆ ಹತ್ತು ವರ್ಷದ ಬಾಡಿಗೆ ಕಟ್ಟಿಟ್ಟ ಬುತ್ತಿ. ಕಾನೂನಿನ ಅಗತ್ಯ ಇಲ್ಲದವರು ಅತ್ತ ಸುಳಿಯದಿರುವುದೇ ಲೇಸು.

ಗೂಗಲ್ ಕ್ಲೌಡ್, ಮೈಕ್ರೋಸಾಫ್ಟ್ ಅಝೂರ್‌ಗಳಲ್ಲೂ ಇಂಥದೇ ಸೌಲಭ್ಯವಿದೆ, ಗುಂಡಿಗಳ ಹೆಸರೂ ಕೆಲಸದ ಕ್ರಮವೂ ಕೊಂಚ ಬೇರೆ.

ನಿಜವಾದ ಫೈಲುಗಳನ್ನು ಮುಟ್ಟುವ ಮೊದಲು ಮುಂಬೈ ಅಥವಾ ಹೈದರಾಬಾದ್ ವಲಯದಲ್ಲಿ ಪ್ರಯೋಗಕ್ಕೆಂದೇ ಒಂದು ಬಕೆಟ್ ಮಾಡಿಕೊಳ್ಳಿ. ಎರಡು ಸಾಲಿನ ಫೈಲ್ ಹಾಕಿ, ಅದರ ಮೇಲೆ ಬರೆಯಿರಿ, ಅಳಿಸಿ, ಮರಳಿ ತನ್ನಿ. ಆಟ ಮುಗಿದ ಮೇಲೆ ಬಕೆಟ್ ತೆಗೆದುಹಾಕಲು ಹೋದರೆ ‘ಖಾಲಿಯಿಲ್ಲ’ ಎಂದು ತಕರಾರು ಬರಬಹುದು, ಪಟ್ಟಿ ಖಾಲಿಯಾಗಿಯೇ ಕಾಣುತ್ತಿದ್ದರೂ. ಗಾಬರಿ ಬೇಡ. ‘ಎಂಪ್ಟಿ’ ಗುಂಡಿ ಒತ್ತಿದರೆ ತಟ್ಟೆಗಳೂ ಅವುಗಳ ಕೆಳಗಿನದೂ ಒಟ್ಟಿಗೆ ಹೋಗುತ್ತವೆ, ಆಮೇಲೆ ಬಕೆಟ್ ಅಳಿಸಬಹುದು.