ಲೊಕೇಶನ್ ಸೌಂಡ್: ಬೇಡದ ಸದ್ದು ಎಲ್ಲಿಂದ ನುಸುಳುತ್ತದೆ, ಅದನ್ನು ನೋಡಿ ಏನು ಕೊಳ್ಳಬೇಕು

ಲೊಕೇಶನ್ ಸೌಂಡ್ ಅಂದರೆ ಚಿತ್ರೀಕರಣದ ಜಾಗದಲ್ಲೇ ಸದ್ದು ಹಿಡಿಯುವ ಕೆಲಸ. ಅಲ್ಲಿ ರೆಕಾರ್ಡಿಂಗ್‌ನಲ್ಲಿ ಹಿಸ್ (ಸ್‌ಸ್ ಎನ್ನುವ ಹಿನ್ನೆಲೆ ಸದ್ದು) ಜಾಸ್ತಿ ಎನಿಸಿದ ಕೂಡಲೇ ಹೆಚ್ಚಿನವರು ಹೊಸ ರೆಕಾರ್ಡರ್ ಹುಡುಕಲು ಹೊರಡುತ್ತಾರೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ಒಂದು 150 ಓಮ್ ರೆಸಿಸ್ಟರ್. ಗಂಡು ಎಕ್ಸ್‌ಎಲ್‌ಆರ್ ಕನೆಕ್ಟರ್ (ಮೈಕ್ ಕೇಬಲ್‌ನ ಮೂರು ಪಿನ್‌ನ ತುದಿ) ಬಿಚ್ಚಿ, 2 ಮತ್ತು 3ನೇ ಪಿನ್‌ಗಳ ನಡುವೆ ಅದನ್ನು ಬೆಸುಗೆ ಹಾಕಿ, ಕವಚ ಮುಚ್ಚಿ, ಗುರುತಿಗೆ ಕೆಂಪು ಟೇಪ್ ಸುತ್ತಿ ಬ್ಯಾಗಿನಲ್ಲಿ ಇಟ್ಟಿರುತ್ತೇನೆ. ಇದನ್ನು ಮೈಕ್ ಜಾಗದಲ್ಲಿ ಸಿಕ್ಕಿಸಿದರೆ ರೆಕಾರ್ಡರ್ ಪಾಲಿಗೆ ಅದೂ ಒಂದು ಮೈಕೇ, ಏನನ್ನೂ ಕೇಳಿಸಿಕೊಳ್ಳದ ಮೈಕ್ ಅಷ್ಟೇ. ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಮುಟ್ಟದೆ ಒಂದು ನಿಮಿಷ ರೆಕಾರ್ಡ್ ಮಾಡಿ. ಹಿಸ್ ಮೊದಲಿದ್ದಷ್ಟೇ ಇದ್ದರೆ ಅದು ಪ್ರೀಆಂಪ್‌ನದ್ದು, ಅಂದರೆ ಮೈಕ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ರೆಕಾರ್ಡರ್ ಭಾಗದ್ದು. ಬಹುಪಾಲು ಇಳಿದುಹೋದರೆ ಮೈಕ್‌ನದ್ದು ಅಥವಾ ಆ ಜಾಗದ್ದೇ. ಏನೂ ಸಿಕ್ಕಿಸದೆ ಖಾಲಿ ಇನ್‌ಪುಟ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ತೆರೆದ ಇನ್‌ಪುಟ್ ಸುತ್ತಲಿನ ಕರೆಂಟಿನ ಗುಂಯ್ ಎನ್ನುವ ಹಮ್ ಎಲ್ಲವನ್ನೂ ಹಿಡಿಯುತ್ತದೆ, ರೆಕಾರ್ಡರ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಅದೇ ಪ್ಲಗ್ ಇಟ್ಟುಕೊಂಡು ಫ್ಯಾಂಟಮ್ (ಕಂಡೆನ್ಸರ್ ಮೈಕ್‌ಗೆ ಕೇಬಲ್ ಮೂಲಕವೇ ರೆಕಾರ್ಡರ್ ಕೊಡುವ 48 ವೋಲ್ಟ್ ಪವರ್) ಹಾಕಿ ತೆಗೆದು ಕೇಳಿ. ಎರಡೂ ಪಿನ್‌ಗಳಲ್ಲಿ ಒಂದೇ ವೋಲ್ಟೇಜ್ ಇರುವುದರಿಂದ ರೆಸಿಸ್ಟರ್‌ನೊಳಗೆ ಕರೆಂಟ್ ಹರಿಯುವುದಿಲ್ಲ, ಸುಟ್ಟುಹೋಗುವ ಭಯವಿಲ್ಲ. ಫ್ಯಾಂಟಮ್ ಹಾಕಿದಾಗ ಮಾತ್ರ ಕೀಂ ಎನ್ನುವ ಸಣ್ಣ ಸ್ವರ ಬಂದರೆ, ಸೆಲ್‌ನ ಕೆಲವೇ ವೋಲ್ಟನ್ನು 48ಕ್ಕೆ ಏರಿಸುವ ಕನ್ವರ್ಟರ್‌ನ ಸದ್ದು ಆಡಿಯೊ ಕಡೆಗೆ ಸೋರುತ್ತಿದೆ ಎಂದರ್ಥ. ಒಳಗಿನ ಸೆಲ್‌ನಲ್ಲಿ ಸುಮ್ಮನಿದ್ದು, ಯುಎಸ್‌ಬಿ ಪವರ್ ಬ್ಯಾಂಕ್ ಹಾಕಿದ ಮೇಲೆ ಕೀಂಗುಟ್ಟಿದರೆ ತಪ್ಪು ಪವರ್ ಬ್ಯಾಂಕ್‌ನದ್ದು. ಬೇರೆ ಪವರ್ ಬ್ಯಾಂಕ್ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ಇನ್ನು ಲೆಕ್ಕ. ಸ್ಪೆಕ್ ಹಾಳೆಯಲ್ಲಿ ಪ್ರೀಆಂಪ್‌ನ ಇಐಎನ್, ಅಂದರೆ ಅದರ ಸ್ವಂತ ಗದ್ದಲ, ಎಂದು ಮೈನಸ್ 120 ಡಿಬಿಯು, ಮೈನಸ್ 128 ಡಿಬಿಯು ಹೀಗೆ ಬರೆದಿರುತ್ತದೆ. ಡಿಬಿಯು ಎಂದರೆ ಡೆಸಿಬೆಲ್‌ನಲ್ಲಿ ಹೇಳಿದ ವೋಲ್ಟೇಜ್; ಮೈನಸ್ ಹೆಚ್ಚಿದಷ್ಟೂ ಗದ್ದಲ ಕಡಿಮೆ. 150 ಓಮ್ ರೆಸಿಸ್ಟರ್‌ನ ಶಾಖದ ಗದ್ದಲವೇ 20 ಕಿಲೊಹರ್ಟ್ಸ್ ವ್ಯಾಪ್ತಿಯಲ್ಲಿ ಸುಮಾರು ಮೈನಸ್ 131 ಡಿಬಿಯು. ಕಿವಿಗೆ ಕೇಳುವ ರೀತಿಗೆ ಹೊಂದಿಸುವ ಎ-ವೇಟಿಂಗ್ ಹಾಕಿ ಅಳೆದರೆ ಒಂದೆರಡು ಡಿಬಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಎರಡು ರೆಕಾರ್ಡರ್ ಹೋಲಿಸುವಾಗ ವೇಟಿಂಗ್ ಇದೆಯೇ, ಎಷ್ಟು ಓಮ್‌ಗೆ ಅಳೆದಿದ್ದಾರೆ ಎಂದು ಮೊದಲು ನೋಡಬೇಕು. ಇಷ್ಟಾದರೂ ಆ ಅಂಕಿ ಒಂದೇ ಏನನ್ನೂ ಹೇಳುವುದಿಲ್ಲ, ಮೈಕ್‌ನ ಸೆನ್ಸಿಟಿವಿಟಿಯ (ಎಷ್ಟು ಸದ್ದಿಗೆ ಎಷ್ಟು ವೋಲ್ಟ್ ಕೊಡುತ್ತದೆ) ಜೊತೆ ಇಟ್ಟಾಗಲೇ ಅರ್ಥ.

ಕಂಡೆನ್ಸರ್ ಮೈಕ್ ಆದ ಸೆನ್‌ಹೈಸರ್ ಎಂಕೆಎಚ್ 416 ಒಂದು ಪಾಸ್ಕಲ್‌ಗೆ 25 ಮಿಲಿವೋಲ್ಟ್ ಕೊಡುತ್ತದೆ, ಅಂದರೆ 94 ಡಿಬಿ ಸದ್ದಿಗೆ ಸುಮಾರು ಮೈನಸ್ 30 ಡಿಬಿಯು. ಮೈನಸ್ 120ರ ಸಾಧಾರಣ ಪ್ರೀಆಂಪ್‌ನ ಗದ್ದಲ ಅದಕ್ಕಿಂತ 90 ಡಿಬಿ ಕೆಳಗೆ, ಅಂದರೆ ಇಲ್ಲಿ 4 ಡಿಬಿ ಸದ್ದಿಗೆ ಸಮ. ಮೈಕ್‌ನ ಸ್ವಂತ ಗದ್ದಲವೇ 13 ಡಿಬಿ ಇರುವಾಗ ಆ 4 ಯಾರಿಗೂ ಕೇಳಿಸದು. ಅದೇ ಪ್ರೀಆಂಪ್‌ಗೆ ಫ್ಯಾಂಟಮ್ ಬೇಡದ ಡೈನಾಮಿಕ್ ಮೈಕ್ ಆದ ಶೂರ್ ಎಸ್‌ಎಂ58 ಸಿಕ್ಕಿಸಿ. ಅದು ಪಾಸ್ಕಲ್‌ಗೆ 1.85 ಮಿಲಿವೋಲ್ಟ್ ಮಾತ್ರ ಕೊಡುವುದರಿಂದ ಪ್ರೀಆಂಪ್ ಗದ್ದಲ 26 ಡಿಬಿಗೆ ಸಮವಾಗುತ್ತದೆ. ಬಾಯಿಗೆ ಹತ್ತಿರ ಹಿಡಿದು ಮಾತಾಡಿಸಿದರೆ ತೊಂದರೆಯಿಲ್ಲ. ಕಾಡಿನ ಸದ್ದು ಹಿಡಿಯಲು ಹೋದರೆ ಹಿಸ್ ಬಿಟ್ಟು ಬೇರೇನೂ ಸಿಗದು. ಹಾಗಾಗಿ ಸೆನ್ಸಿಟಿವ್ ಕಂಡೆನ್ಸರ್ ಇದ್ದವರು ಪ್ರೀಆಂಪ್‌ಗೆಂದು ಹೆಚ್ಚು ಹಣ ಸುರಿಯಬೇಕಿಲ್ಲ. ಡೈನಾಮಿಕ್ ಅಥವಾ ರಿಬ್ಬನ್ ಮೈಕ್‌ನಲ್ಲಿ ಮೆಲುಸದ್ದು ಹಿಡಿಯಬೇಕಾದವರಿಗೆ ಮಾತ್ರ ಮೈನಸ್ 120ಕ್ಕೂ 128ಕ್ಕೂ ನಡುವಿನ ಆ 8 ಡಿಬಿ ಪೂರ್ತಿ ಲಾಭ. ಮೈಕ್ ಮೊದಲು ಗೊತ್ತುಮಾಡಿಕೊಂಡು ಆಮೇಲೆ ರೆಕಾರ್ಡರ್ ಆರಿಸಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದಕ್ಕೇ.

ಕಂಡೆನ್ಸರ್ ಮೈಕ್ ಕೆಲಸ ಮಾಡುತ್ತಿದೆ, ಆದರೆ ಸದ್ದು ಸ್ವಲ್ಪ ಏರಿದರೂ ಒಡೆಯುತ್ತಿದೆ ಎಂದಾಗ ಫ್ಯಾಂಟಮ್ ಅಳೆಯುತ್ತೇನೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು 1 ಮತ್ತು 2ನೇ ಪಿನ್, ಆಮೇಲೆ 1 ಮತ್ತು 3ನೇ ಪಿನ್. ಮೈಕ್ ಹಾಕದಿದ್ದಾಗ 44ರಿಂದ 52ರೊಳಗೆ ಬಂದು, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಖಾಲಿ ಇದ್ದಾಗ 48 ತೋರಿಸಿ ಮೈಕ್ ಹಾಕಿದೊಡನೆ ಕುಸಿಯುವ ರೆಕಾರ್ಡರ್‌ಗಳಿವೆ, ಆದ್ದರಿಂದ ಮೈಕ್ ಹಾಕಿಕೊಂಡೂ ಅಳೆಯಬೇಕು. ಕೇಬಲ್‌ನ ರೆಕಾರ್ಡರ್ ಕಡೆಯ ಕನೆಕ್ಟರ್ ಕವಚ ಹಿಂದಕ್ಕೆ ಸರಿಸಿ, ಬೆಸುಗೆಯ ಚುಕ್ಕೆಗಳ ಮೇಲೆ ಮೊನೆ ಇಡಿ. ಒಂದರಿಂದ ಇನ್ನೊಂದಕ್ಕೆ ಮೊನೆ ಜಾರದಂತೆ ನೋಡಿಕೊಳ್ಳಿ. ಪ್ರತಿ ಪಿನ್‌ಗೆ 6.8 ಕಿಲೊಓಮ್ ರೆಸಿಸ್ಟರ್ ಮೂಲಕ ಫ್ಯಾಂಟಮ್ ಬರುತ್ತದೆ, ಎರಡೂ ಸೇರಿ ಸಮಾಂತರವಾಗಿ 3.4. ಎರಡು ಮಿಲಿಆಂಪಿಯರ್ ಎಳೆಯುವ 416 ಹಾಕಿದರೆ ಸುಮಾರು 7 ವೋಲ್ಟ್ ಇಳಿದು 41ರ ಆಸುಪಾಸು ನಿಲ್ಲಬೇಕು. ಮೂವತ್ತಕ್ಕೆ ಬಿದ್ದರೆ ಪವರ್ ಸಾಲುತ್ತಿಲ್ಲ. ಎಲ್ಲ ಚಾನೆಲ್‌ಗಳಿಗೂ ಕಂಡೆನ್ಸರ್ ಹಾಕಿ, ಸೆಲ್ ಅರ್ಧ ಖಾಲಿಯಾದಾಗ ಮತ್ತೊಮ್ಮೆ ಅಳೆದರೆ ರೆಕಾರ್ಡರ್‌ನ ನಿಜ ಬಣ್ಣ ಗೊತ್ತಾಗುತ್ತದೆ.

ಕೇಬಲ್ ದೋಷಕ್ಕೆ ಮೈಕ್‌ನ ನಡವಳಿಕೆಯೇ ಸುಳಿವು ಕೊಡುತ್ತದೆ. 1ನೇ ಪಿನ್ ಕಡಿದಿದ್ದರೆ ಕಂಡೆನ್ಸರ್ ಸತ್ತುಹೋಗುತ್ತದೆ, ಡೈನಾಮಿಕ್ ಮಾತ್ರ ಹಮ್ ಜೊತೆಗೆ ಕೆಲಸ ಮಾಡುತ್ತಲೇ ಇರುತ್ತದೆ. 2 ಅಥವಾ 3 ಕಡಿದಿದ್ದರೆ ಡೈನಾಮಿಕ್ ಮೈಕ್‌ನ ದನಿ ಬಾಸ್ ಇಲ್ಲದೆ ತೆಳ್ಳಗೆ, ದೂರದಲ್ಲೆಲ್ಲೋ ಇದ್ದಂತೆ ಕೇಳುತ್ತದೆ. ಬಿಟ್ಟುಬಿಟ್ಟು ಬರುವ ಕೊರಕೊರ ಸದ್ದಾದರೆ ಹೆಡ್‌ಫೋನ್ ಹಾಕಿಕೊಂಡು ಕನೆಕ್ಟರ್ ಬುಡದ ಒಂದು ಗೇಣನ್ನು ಮೆಲ್ಲಗೆ ಬಾಗಿಸುತ್ತಾ ಹೋಗಿ, ತಂತಿ ಕಡಿಯುವುದು ಸಾಮಾನ್ಯವಾಗಿ ಅಲ್ಲೇ. ಕೊರಕೊರ ಹೆಡ್‌ಫೋನ್‌ನಲ್ಲಿ ಮಾತ್ರವೇ, ಫೈಲ್‌ನಲ್ಲೂ ಇದೆಯೇ ಎಂದು ವಾಪಸ್ ಹಾಕಿ ಕೇಳುವುದನ್ನು ಮರೆಯಬೇಡಿ. ಹೆಡ್‌ಫೋನ್ ಜ್ಯಾಕ್ ಸಡಿಲವಾಗಿದ್ದಕ್ಕೆ ಒಳ್ಳೆಯ ಮೈಕ್ ರಿಪೇರಿಗೆ ಹೋಗುವುದುಂಟು.

3.5 ಮಿಲಿಮೀಟರ್ ಜ್ಯಾಕ್‌ನ ಒಂದು ವಿಚಿತ್ರ ದೋಷ ಕ್ಯಾಮೆರಾ ಬಳಸುವವರನ್ನು ತುಂಬ ಕಾಡುತ್ತದೆ. ಹೆಡ್‌ಫೋನ್‌ನಲ್ಲಿ ಸದ್ದು ಇದೆ, ಕೊಂಚ ಅಸಹಜ ಅಷ್ಟೇ. ಮೊಬೈಲ್ ಸ್ಪೀಕರ್‌ನಲ್ಲಿ ಹಾಕಿದರೆ ಮಾತೇ ಮಾಯ. ಎಕ್ಸ್‌ಎಲ್‌ಆರ್‌ನ 2ನೇ ಪಿನ್ ಜ್ಯಾಕ್‌ನ ತುದಿಗೆ, 3ನೇ ಪಿನ್ ನಡುವಿನ ಉಂಗುರಕ್ಕೆ ಹೋಗುವ ಕೇಬಲ್ ಬಳಸಿದ್ದಾರೆ. ಕ್ಯಾಮೆರಾ ಅದನ್ನು ಎಡ ಬಲ ಎಂದು ಓದಿದೆ, ಎಡಕ್ಕೂ ಬಲಕ್ಕೂ ಪೊಲಾರಿಟಿ ತಿರುವುಮುರುವು, ಮೋನೊ ಮಾಡಿದೊಡನೆ ಒಂದನ್ನೊಂದು ಅಳಿಸಿಹಾಕುತ್ತವೆ. ಎಡಿಟಿಂಗ್‌ನಲ್ಲಿ ಎಡ ಚಾನೆಲ್ ಒಂದನ್ನೇ ಉಳಿಸಿಕೊಂಡರೆ ಮಾತು ವಾಪಸ್ ಬರುತ್ತದೆ. ಮುಂದಕ್ಕೆ ಡೈನಾಮಿಕ್ ಮೈಕ್‌ಗಾದರೆ 2ನೇ ಪಿನ್ನನ್ನು ತುದಿ ಮತ್ತು ಉಂಗುರ ಎರಡಕ್ಕೂ, 1 ಮತ್ತು 3ನ್ನು ಸೇರಿಸಿ ಬುಡಕ್ಕೆ ಬೆಸೆದ ಕೇಬಲ್ ಮಾಡಿಕೊಳ್ಳಿ, ಕ್ಯಾಮೆರಾ ಮೆನುವಿನಲ್ಲಿ ಪ್ಲಗ್-ಇನ್ ಪವರ್ ಆಫ್ ಮಾಡಿ. ಆ ಜ್ಯಾಕ್‌ನಲ್ಲಿ ಬರುವ ಒಂದೆರಡು ವೋಲ್ಟ್ ಸಣ್ಣ ಕಾಲರ್ ಮೈಕ್‌ಗೆ ಸಾಕು, 48 ವೋಲ್ಟ್ ಕೇಳುವ ಮೈಕ್‌ಗೆ ಏನೇನೂ ಅಲ್ಲ.

ಮಿಕ್ಸರ್‌ನಿಂದ ಫೀಡ್ ತೆಗೆದುಕೊಂಡಾಗ ಒಡೆದ ಸದ್ದು ಬಂದು, ರೆಕಾರ್ಡರ್‌ನ ಫೇಡರ್ ಇಳಿಸಿದರೂ ಒಡೆದೇ ಇದ್ದರೆ ಮಿಕ್ಸರ್‌ನ ಜೋರಾದ ಲೈನ್ ಲೆವೆಲ್ ಸಿಗ್ನಲ್ ಮೈಕ್ ಇನ್‌ಪುಟ್‌ಗೆ ಹೋಗಿದೆ. ಲೈನ್ ಲೆವೆಲ್‌ನ ಪ್ಲಸ್ 4 ಡಿಬಿಯು ಅಂದರೆ 1.23 ವೋಲ್ಟ್, ಮೈಕ್ ಇನ್‌ಪುಟ್ ಎದುರುನೋಡುವುದು ಕೆಲವು ಮಿಲಿವೋಲ್ಟ್. ಮೆನುವಿನಲ್ಲಿ ಲೈನ್‌ಗೆ ಬದಲಿಸಿ, ಆ ಆಯ್ಕೆ ಇಲ್ಲದಿದ್ದರೆ ಸಿಗ್ನಲ್ ತಗ್ಗಿಸುವ 40 ಡಿಬಿ ಪ್ಯಾಡ್ ಹಾಕಿ, ಆ ಚಾನೆಲ್‌ನ ಫ್ಯಾಂಟಮ್ ತೆಗೆಯಿರಿ.

ಗಾಳಿಯ ವಿಷಯದಲ್ಲಿ ಫೋಮ್ ಸಾಕು ಎಂದುಕೊಳ್ಳುವವರು ಬಹಳ ಮಂದಿ. ಮೈಕ್ ಜೊತೆ ಬರುವ ಫೋಮ್ ಒಳಾಂಗಣಕ್ಕೆ, ಹೆಚ್ಚೆಂದರೆ ಬೂಮ್ ಕೋಲು ಬೀಸುವಾಗ ಏಳುವ ಗಾಳಿಗೆ. ಹೊರಗೆ ನಿಂತರೆ ಮೈಕ್ ಸುತ್ತ ಗಾಳಿ ಅಲುಗದ ಖಾಲಿ ಜಾಗ ಬೇಕು. ಬ್ಲಿಂಪ್ ಎಂಬ ಮೈಕ್ ಕವಚದ ಪಂಜರ ಕೊಡುವುದು ಅದನ್ನೇ, ಮೇಲಿನ ತುಪ್ಪಳ ಗಾಳಿಯ ರಭಸ ಮುರಿಯುತ್ತದೆ. ತುಪ್ಪಳ ಮಳೆಯಲ್ಲಿ ತೊಯ್ದು ಒಣಗಿ ಗಂಟುಗಟ್ಟಿದರೆ ಕೆಲಸಕ್ಕೆ ಬಾರದು, ಬ್ರಷ್‌ನಲ್ಲಿ ಬಾಚಿ ಎಬ್ಬಿಸಬೇಕು. ಪಂಜರದೊಳಗೆ ಮೈಕ್‌ನ ಮೂತಿಯಾಗಲಿ ಕೇಬಲ್ ಆಗಲಿ ಗೋಡೆಗೆ ತಾಗಿರಬಾರದು. ಧಡ್ ಧಡ್ ಸದ್ದು ಗಾಳಿಯದ್ದೋ ಕೈಯದ್ದೋ ತಿಳಿಯದಿದ್ದರೆ ಕೋಲನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ ಕೈಬಿಡಿ. ನಿಂತುಹೋದರೆ ಅದು ಕೈಯದ್ದು. ಶಾಕ್ ಮೌಂಟ್ ಇದ್ದೂ ಹೀಗಾದರೆ ಕೇಬಲ್ ಬಿಗಿದಿದೆ. ಮೈಕ್ ಹಿಂದೆ ಸಣ್ಣದೊಂದು ಸಡಿಲ ಸುತ್ತು ಬಿಟ್ಟು ಆಮೇಲೆ ಕೋಲಿಗೆ ಕಟ್ಟಿ. ಬಾಸ್ ತಗ್ಗಿಸುವ ಲೋ ಕಟ್ ಫಿಲ್ಟರ್ 80 ಹರ್ಟ್ಸ್‌ನಲ್ಲಿ ಹಾಕಿಡುತ್ತೇನೆ, ಮೈಕ್ ಮೇಲೆಯೇ ಸ್ವಿಚ್ ಇದ್ದರೆ ಅಲ್ಲಿ. ಪ್ರೀಆಂಪ್ ಒಡೆದ ಮೇಲೆ ಮೆನುವಿನ ಡಿಜಿಟಲ್ ಫಿಲ್ಟರ್ ಏನೂ ಮಾಡಲಾರದು.

32 ಬಿಟ್ ಫ್ಲೋಟ್ ಎಂಬ ರೆಕಾರ್ಡಿಂಗ್ ಬಗೆ ಬಂದ ಮೇಲೆ ಗೇನ್ ನೋಡಬೇಕಿಲ್ಲ ಎಂಬ ಮಾತು ಅರ್ಧ ಸತ್ಯ. ಮೆಲುಸದ್ದಿಗೊಂದು, ಜೋರುಸದ್ದಿಗೊಂದು ಎಂದು ಎರಡು ಡಿಜಿಟಲ್ ಕನ್ವರ್ಟರ್ (ಸದ್ದನ್ನು ಅಂಕಿಗಳಾಗಿಸುವ ಭಾಗ) ಸೇರಿಸಿ ಮಾಡಿದ ರೆಕಾರ್ಡರ್‌ನಲ್ಲಿ ಕನ್ವರ್ಟರ್ ಮಿತಿ ಮೀರಿ ಕ್ಲಿಪ್ ಆಗದು, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಮೈಕ್‌ನ ಒಳಗೇ ಒಡೆದದ್ದು, ವೈರ್‌ಲೆಸ್ ಟ್ರಾನ್ಸ್‌ಮಿಟರ್‌ನಲ್ಲಿ ಒಡೆದದ್ದು ಫೈಲ್‌ಗೂ ಒಡೆದೇ ಬರುತ್ತದೆ. 416ರ ಮಿತಿ 130 ಡಿಬಿ, ಆಚೆಗೆ ಯಾವ ಬಿಟ್ಟೂ ಕಾಯದು. ಫ್ಲೋಟ್ ಇಲ್ಲದವರು 24 ಬಿಟ್‌ನಲ್ಲಿ ಮಾತಿನ ಪೀಕ್ ಮೀಟರ್‌ನಲ್ಲಿ ಮೈನಸ್ 12 ಡಿಬಿಯ ಆಸುಪಾಸು ಇಟ್ಟು, ಎರಡನೇ ಚಾನೆಲ್‌ನಲ್ಲಿ ಅದೇ ಮೈಕನ್ನು 12ರಿಂದ 20 ಡಿಬಿ ಕಡಿಮೆ ಗೇನ್‌ನಲ್ಲಿ ಹಾಕಿಕೊಂಡರೆ ಸಾಕು. ಜಾಗದ ಲೆಕ್ಕ ಬೇಕಿದ್ದರೆ 48 ಕಿಲೊಹರ್ಟ್ಸ್‌ನಲ್ಲಿ ಒಂದು ಚಾನೆಲ್‌ಗೆ ಗಂಟೆಗೆ 24 ಬಿಟ್‌ಗೆ 518 ಎಂಬಿ, 32 ಬಿಟ್‌ಗೆ 691 ಎಂಬಿ.

ತೇವದ ಹವೆಯಲ್ಲಿ ಕಂಡೆನ್ಸರ್ ಚಟಪಟ ಎನ್ನತೊಡಗಿದರೆ ಸದ್ದು ಹಿಡಿಯುವ ಕ್ಯಾಪ್ಸೂಲ್ ಮೇಲೆ ತೇವ ಕೂತು ಚಾರ್ಜ್ ಸೋರುತ್ತಿದೆ. ಕ್ಯಾಪ್ಸೂಲ್‌ನಲ್ಲಿ ಚಾರ್ಜ್ ಬದಲು ರೇಡಿಯೊ ಆವರ್ತನದ ಸಿಗ್ನಲ್ ಬಳಸುವ ಆರ್‌ಎಫ್ ಬಯಸ್ ಮೇಲೆ ನಡೆಯುವ ಎಂಕೆಎಚ್ ಸರಣಿಯಂಥ ಮೈಕ್‌ಗಳಿಗೆ ಈ ಕಾಟ ಬಹಳ ಕಡಿಮೆ, ಮಳೆಗಾಲದ ಕೆಲಸಕ್ಕೆ ಅವುಗಳ ಬೆಲೆ ನ್ಯಾಯ ಎನಿಸುವುದು ಆಗಲೇ. ಉಳಿದ ಮೈಕ್‌ಗಳನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತವೆ. ಹೇರ್ ಡ್ರೈಯರ್ ಹಿಡಿಯಬೇಡಿ. ಎಸಿ ಕೋಣೆಯಿಂದ ಹೊರಗೆ ತರುವಾಗ ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಬಿಡಿ.

ಸೆಲ್ ಹಾಕುವ ರೆಕಾರ್ಡರ್‌ನಲ್ಲಿ ಆಲ್ಕಲೈನ್ ಬಳಸುವುದು ತುರ್ತಿಗೆ ಮಾತ್ರ. ಫ್ಯಾಂಟಮ್, ಪರದೆ ಎರಡೂ ಎಳೆಯುವಾಗ ಅವುಗಳ ವೋಲ್ಟೇಜ್ ಬೇಗ ಜಾರುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟೇ ಆದರೂ ಭಾರ ಹೊತ್ತು ನಿಲ್ಲುತ್ತದೆ. ಮೆನುವಿನಲ್ಲಿ ಸೆಲ್‌ನ ಬಗೆ ಬದಲಿಸದಿದ್ದರೆ ತುಂಬಿದ ಸೆಲ್ಲನ್ನೂ ಮೀಟರ್ ಅರ್ಧ ಎಂದೇ ತೋರಿಸುತ್ತದೆ. ದಿನವಿಡೀ ಕೆಲಸಕ್ಕೆ ಎನ್‌ಪಿ-ಎಫ್ ಮಾದರಿಯ 7.2 ವೋಲ್ಟ್ ಬ್ಯಾಟರಿ, ಒಳಗೆ ಆಸರೆಗೆ ಸೆಲ್. ಎಳೆತ ಕಡಿಮೆಯಾದಾಗ ಕೆಲವು ಪವರ್ ಬ್ಯಾಂಕ್‌ಗಳು ತಾವೇ ನಿಂತುಬಿಡುತ್ತವೆ, ಹಾಗಾಗಿ ಆಸರೆಯಿಲ್ಲದೆ ಅವನ್ನು ನಂಬುವುದಿಲ್ಲ. ರೆಕಾರ್ಡಿಂಗ್ ನಡುವೆ ಪವರ್ ಹೋದರೆ ಫೈಲ್‌ನ ತಲೆಬರಹ (ಹೆಡರ್) ಬರೆಯದೆ ಉಳಿದು ಅದು ತೆರೆಯದೇ ಹೋಗಬಹುದು. ಆಗ ಕಂಪ್ಯೂಟರ್‌ಗೆ ಹಾಕುವ ಮುನ್ನ ಕಾರ್ಡನ್ನು ಅದೇ ರೆಕಾರ್ಡರ್‌ನಲ್ಲಿಟ್ಟು ಆನ್ ಮಾಡಿ, ಕೆಲವು ತಾವೇ ಸರಿಮಾಡಿಕೊಳ್ಳುತ್ತವೆ. ಅಲ್ಲಿಯತನಕ ಆ ಕಾರ್ಡ್‌ಗೆ ಹೊಸದೇನನ್ನೂ ಬರೆಯಬೇಡಿ.

2.4 ಗಿಗಾಹರ್ಟ್ಸ್ ವೈರ್‌ಲೆಸ್ ಕಡಿದು ಕಡಿದು ಬಂದರೆ ಮೊದಲು ನೋಡಬೇಕಾದ್ದು ಮಾತಾಡುವವರ ಮೈ. ದೇಹದ ನೀರು ಈ ಅಲೆಯನ್ನು ಹೀರುತ್ತದೆ. ಟ್ರಾನ್ಸ್‌ಮಿಟರ್ ಬೆನ್ನ ಹಿಂದಿದ್ದು ರಿಸೀವರ್ ಎದುರಿಗಿದ್ದರೆ ಡಬ್ಬದ ಮೇಲೆ ಬರೆದ ದೂರಕ್ಕೆ ಅರ್ಥವಿಲ್ಲ. ಟ್ರಾನ್ಸ್‌ಮಿಟರನ್ನು ಕ್ಯಾಮೆರಾ ಕಡೆಯ ಸೊಂಟಕ್ಕೆ ತನ್ನಿ, ರಿಸೀವರನ್ನು ಎದೆಯೆತ್ತರಕ್ಕೆ ಏರಿಸಿ, ನಿಮ್ಮ ಫೋನ್‌ನ ವೈಫೈ ಆಫ್ ಮಾಡಿ.

ಕ್ಯಾಮೆರಾಗೂ ರೆಕಾರ್ಡರ್‌ಗೂ ಟೈಮ್‌ಕೋಡ್ (ಎರಡನ್ನೂ ಹೊಂದಿಸುವ ಸಮಯದ ಗುರುತು) ಇಲ್ಲದೆ ಉದ್ದದ ಕಾರ್ಯಕ್ರಮ ಹಿಡಿಯುವಾಗ ಗಡಿಯಾರಗಳ ಜಾರುವಿಕೆ ಲೆಕ್ಕಕ್ಕೆ ಬರುತ್ತದೆ. ಎರಡರ ನಡುವೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು) ವ್ಯತ್ಯಾಸವಿದ್ದರೆ ಗಂಟೆಗೆ 36 ಮಿಲಿಸೆಕೆಂಡ್, ಅಂದರೆ 25 ಫ್ರೇಮ್ ದರದಲ್ಲಿ ಸುಮಾರು ಒಂದು ಫ್ರೇಮ್. ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕ್ಯಾಮೆರಾ ಎದುರು ಚಪ್ಪಾಳೆ ತಟ್ಟಿದರೆ ಎಡಿಟಿಂಗ್ ಮಾಡುವವರು ಎರಡು ತುದಿಯನ್ನೂ ಕೂಡಿಸಿ ನಡುವಿನದನ್ನು ಹಿಗ್ಗಿಸಿಕೊಳ್ಳುತ್ತಾರೆ.