ಮನೆಯವರ ದುಡ್ಡು ಹೋಯಿತೇ? ಬೈಯಬೇಡಿ, 1930ಕ್ಕೆ ಫೋನ್ ಮಾಡಿ

ಅಪ್ಪನ ಖಾತೆಯಿಂದ ದುಡ್ಡು ಹೋಗಿದೆ ಎಂದು ಗೊತ್ತಾದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಮಾತು, ‘ಒಟಿಪಿ ಯಾಕೆ ಕೊಟ್ರಿ?’ ದಯವಿಟ್ಟು ಅದನ್ನು ಕೇಳಬೇಡಿ. ಮನೆಯವರು ಬೈತಾರೆ ಎಂಬ ಹೆದರಿಕೆಗೇ ಎಷ್ಟೋ ಜನ ದಿನಗಟ್ಟಲೆ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ದಾಟಿ, ಕೊನೆಗೆ ಎಟಿಎಂನಿಂದ ನಗದಾಗಿ ಹೊರಗೆ ಬಂದಿರುತ್ತದೆ. ‘ಆಯ್ತು, ಹೆದರಬೇಡಿ, ಈಗಲೇ ಫೋನ್ ಮಾಡೋಣ’ ಎನ್ನಿ. ಕೆಲಸ ಅಲ್ಲಿಂದ ಶುರು.

ವಂಚಕರ ಕರೆ ಇನ್ನೂ ನಡೀತಿದ್ದರೆ

ಮೊದಲು ಅದನ್ನು ಕಟ್ ಮಾಡಿ. ‘ಡಿಜಿಟಲ್ ಅರೆಸ್ಟ್’ ಎನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರಾಗಲಿ, ಸಿಬಿಐ ಆಗಲಿ, ವಿಡಿಯೊ ಕಾಲ್‌ನಲ್ಲಿ ಕೂಡಿಹಾಕಿ ದುಡ್ಡು ಕೇಳುವುದಿಲ್ಲ. ವಂಚಕರು ಸಮವಸ್ತ್ರ ತೊಟ್ಟು, ಹಿಂದೆ ಠಾಣೆಯಂಥ ಗೋಡೆ ಕಾಣುವಂತೆ ಮಾಡಿಕೊಂಡು, ‘ಯಾರಿಗೂ ಹೇಳಬೇಡ’ ಎಂದು ಗಂಟೆಗಟ್ಟಲೆ ಹೆದರಿಸುತ್ತಾರೆ. ಓದಿದವರು, ನಿವೃತ್ತ ಅಧಿಕಾರಿಗಳೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಹಾಗಾಗಿ ಮೋಸ ಹೋದವರನ್ನು ದಡ್ಡರು ಎನ್ನುವುದು ಸರಿಯಲ್ಲ. ಹೆದರಿದ ಮನುಷ್ಯನಿಗೆ ಯೋಚಿಸಲು ಬಿಡುವೇ ಸಿಗದಂತೆ ಅವರು ಮಾತಾಡುತ್ತಾರೆ.

ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂಬ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಿದ್ದರೆ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮುಂದಿನ ಕರೆಗಳನ್ನು ಬೇರೆ ಫೋನಿನಿಂದ ಮಾಡಿ.

1930: ಕೈಯಲ್ಲಿ ಏನಿರಬೇಕು?

ಇದು ಆನ್‌ಲೈನ್ ಹಣ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಹೋದ ಮೊತ್ತ, ದಿನಾಂಕ, ಸಮಯ, ನಿಮ್ಮ ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ ಇವೆಲ್ಲ ಹೇಳಬೇಕು. ಯುಪಿಐ ಆದರೆ ಈ ವ್ಯವಹಾರದ ಸಂಖ್ಯೆ 12 ಅಂಕಿಯದು, ಆ್ಯಪ್‌ನಲ್ಲೇ ಕಾಣುತ್ತದೆ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಗಾಬರಿಯಲ್ಲಿ ಅಂಕಿ ತಪ್ಪುತ್ತದೆ. ನೀವು ಕೊಟ್ಟ ವಿವರ ದುಡ್ಡು ಸೇರಿದ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಅಲ್ಲೇ ಇದ್ದರೆ ತಡೆ ಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಒಂದೊಂದು ನಿಮಿಷಕ್ಕೂ ಬೆಲೆ ಇರುವುದು ಇದಕ್ಕೇ. ಲೈನ್ ಸಿಗದಿದ್ದರೆ ಬಿಡಬೇಡಿ, ಮತ್ತೆ ಮತ್ತೆ ಪ್ರಯತ್ನಿಸಿ. ಅಷ್ಟರಲ್ಲಿ ಇನ್ನೊಬ್ಬರು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ತುಂಬಲಿ. ದೂರಿನ ಸಂಖ್ಯೆ ಜೋಪಾನ.

ಬ್ಯಾಂಕಿಗೂ ಆಗಲೇ ಹೇಳಿ, ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಎಲ್ಲ ಬ್ಲಾಕ್ ಮಾಡಿಸಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ನಂಬರ್‌ಗಳೂ ಇರುತ್ತವೆ. ಕಾರ್ಡಿನ ಹಿಂಬದಿಯ ನಂಬರ್ ಸಾಕು. ಆರ್‌ಬಿಐ 2017ರಲ್ಲಿ ಹೊರಡಿಸಿದ ಸೂಚನೆ ಇಲ್ಲಿ ನೆರವಿಗೆ ಬರುತ್ತದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕ ನಷ್ಟ ಹೊರಬೇಕಿಲ್ಲ. ನೀವೇ ಒಟಿಪಿ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯಕ್ಕೆ ದಾಖಲೆ ಇರಲಿ, ಎಸ್‌ಎಂಎಸ್ ಅಥವಾ ಇಮೇಲ್ ಯಾವುದಾದರೂ ಸರಿ.

ಚಾಟ್ ಅಳಿಸಬೇಡಿ

ನಾಚಿಕೆಯಿಂದ ಬಹಳ ಜನ ಮೊದಲು ಮಾಡುವುದೇ ಅದನ್ನು. ಸ್ಕ್ರೀನ್‌ಶಾಟ್, ಬಂದ ನಂಬರ್, ಲಿಂಕ್, ಪಾಸ್‌ಬುಕ್ ವಿವರ ಒಟ್ಟು ಮಾಡಿ ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಅದು ದೂರವಾದರೆ ಹತ್ತಿರದ ಠಾಣೆಗೇ ಹೋಗಿ. ದುಡ್ಡು ಕಳೆದುಕೊಂಡವರ ಜೊತೆ ಮನೆಯವರೊಬ್ಬರು ಇರಲೇಬೇಕು. ನಡೆದದ್ದನ್ನು ಪದೇ ಪದೇ ಹೇಳುವಾಗ ಅವರು ಕುಗ್ಗಿಹೋಗುತ್ತಾರೆ.

ತಡೆ ಹಿಡಿದ ದುಡ್ಡು ಮಾರನೆ ದಿನವೇ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕು, ತನಿಖಾಧಿಕಾರಿಯನ್ನು ಕೇಳುತ್ತಿರಬೇಕು. ಬ್ಯಾಂಕಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ.

ಈ ಕಾಯುವ ದಿನಗಳಲ್ಲೇ ಎರಡನೇ ಮೋಸ ಬರುತ್ತದೆ. ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ’ ಎಂದು ಫೋನ್ ಬರುತ್ತದೆ, ಟೆಲಿಗ್ರಾಂನಲ್ಲಿ ಮೆಸೇಜ್ ಬರುತ್ತದೆ. ಮುಂಗಡ ಕೇಳಿದ ತಕ್ಷಣ ಫೋನ್ ಇಟ್ಟುಬಿಡಿ. ಮನೆಯವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ.

ಊಟ ಸೇರದೆ, ನಿದ್ದೆ ಬಾರದೆ, ‘ನನ್ನಿಂದ ಎಲ್ಲ ಹಾಳಾಯ್ತು’ ಎಂದು ಅವರು ಒಳಗೊಳಗೇ ಕೊರಗುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ದಿನದ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.