ಸುಪೀರಿಯರ್ ದಡದಲ್ಲಿ ಇಬ್ಬರಿಗೊಂದು ವಾರ: ಆರ್‌ವಿ ಪ್ರವಾಸಕ್ಕೆ ಹೀಗೆ ಸಿದ್ಧರಾಗಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಡುಲುತ್ ನಗರದಿಂದ ಕೆನಡಾ ಗಡಿಯವರೆಗೆ ಸುಪೀರಿಯರ್ ಸರೋವರದ ದಡ ಹಿಡಿದು ಸಾಗುವ 61ನೇ ಹೆದ್ದಾರಿಯ ಉದ್ದ ಸುಮಾರು 150 ಮೈಲಿ. ಕಾರಿನಲ್ಲಿ ಎಲ್ಲೂ ನಿಲ್ಲದೆ ಹೋದರೆ ಮೂರು ಗಂಟೆಯ ದಾರಿ. ಆರ್‌ವಿಯಲ್ಲಿ, ಅಂದರೆ ಮಂಚ, ಒಲೆ, ಶೌಚ ಎಲ್ಲ ಒಳಗೇ ಇರುವ ವಾಹನದಲ್ಲಿ, ಹೋಗುವ ನಿವೃತ್ತ ದಂಪತಿ ಇದಕ್ಕೆ ಒಂದು ವಾರ ಎತ್ತಿಡಬೇಕು, ಆ ವಾರದಲ್ಲಿ ಮೂರೇ ಕಡೆ ತಂಗಬೇಕು. ಕಾರಣ ಸರಳ. ಮನೆಯಂಥ ಗಾಡಿಯನ್ನು ಒಂದು ಜಾಗದಿಂದ ಎಬ್ಬಿಸಿ ಇನ್ನೊಂದು ಜಾಗದಲ್ಲಿ ಕೂರಿಸಲು ಹೊಸಬರಿಗೆ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ. ದಿನಾ ಜಾಗ ಬದಲಿಸುವವರು ಸರೋವರಕ್ಕಿಂತ ಹೆಚ್ಚಾಗಿ ನೀರಿನ ಪೈಪನ್ನೇ ನೋಡಿಕೊಂಡು ಬರುತ್ತಾರೆ.

ಯಾವಾಗ ಹೊರಡಬೇಕು

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು. ಒಳನಾಡಿನ ಗುಡ್ಡಗಳ ಮೇಪಲ್ ಮರಗಳು ಸೆಪ್ಟೆಂಬರ್ ಕೊನೆಗೆ ಕೆಂಪಾಗುತ್ತವೆ. ದಡದ ಬರ್ಚ್, ಆಸ್ಪೆನ್ ಮರಗಳು ಹಳದಿಯಾಗುವುದು ಅದಾದ ಮೇಲೆ. ಜೂನ್‌ನಲ್ಲಿ ಮಂಜು ಹೆಚ್ಚು, ಕಚ್ಚುವ ನೊಣ ಮತ್ತು ಸೊಳ್ಳೆ ಇನ್ನೂ ಹೆಚ್ಚು. ಅಕ್ಟೋಬರ್ ಅರ್ಧ ಕಳೆದರೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರುತ್ತದೆ. ಗಾಡಿಯ ಹೊಟ್ಟೆಯಡಿಯ ಪೈಪುಗಳು ಒಡೆಯುವ ಕಾಲ ಅದು.

ಮಿನ್ನೆಸೋಟದ ರಾಜ್ಯ ಉದ್ಯಾನಗಳಲ್ಲಿ ತಂಗುವ ಜಾಗವನ್ನು 120 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. ಸೆಪ್ಟೆಂಬರ್ 20ಕ್ಕೆ ಜಾಗ ಬೇಕಿದ್ದರೆ ಮೇ 23ರ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎಲೆ ಬಣ್ಣ ಬದಲಿಸುವ ವಾರಗಳ ಶನಿವಾರ, ಭಾನುವಾರಗಳು ಬೇಗ ತುಂಬುತ್ತವೆ. ನಿವೃತ್ತರಿಗೆ ರಜೆಯ ಹಂಗಿಲ್ಲ, ಸೋಮವಾರ ಹೊರಟು ವಾರಾಂತ್ಯವನ್ನು ನಗರಸಭೆಯ ಕ್ಯಾಂಪ್‌ಗ್ರೌಂಡಿನಲ್ಲಿ (ಗಾಡಿ ನಿಲ್ಲಿಸಿ ತಂಗುವ ಜಾಗ) ಕಳೆಯುವಂತೆ ದಿನಗಳನ್ನು ಜೋಡಿಸಿಕೊಳ್ಳಿ.

62 ದಾಟಿದ ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಒಕ್ಕೂಟ ಸರ್ಕಾರದ ಸೀನಿಯರ್ ಪಾಸ್ ಎಂಬ ಹಿರಿಯರ ಪ್ರವೇಶ ಚೀಟಿ ಇದೆ. ಒಂದು ವರ್ಷಕ್ಕೆ 20 ಡಾಲರ್, ಜೀವನಪೂರ್ತಿಗೆ 80 ಡಾಲರ್. ಸುಪೀರಿಯರ್ ರಾಷ್ಟ್ರೀಯ ಅರಣ್ಯದಂಥ ಒಕ್ಕೂಟದ ಜಾಗಗಳಲ್ಲಿ ಇದು ನಡೆಯುತ್ತದೆ. ರಾಜ್ಯ ಉದ್ಯಾನಗಳಲ್ಲಿ ನಡೆಯುವುದಿಲ್ಲ, ಅಲ್ಲಿ ವಾಹನದ ಪರವಾನಗಿಯನ್ನು ಬೇರೆಯಾಗಿಯೇ ಕೊಳ್ಳಬೇಕು. ಈ ಎರಡನ್ನು ಒಂದೇ ಎಂದುಕೊಂಡು ಬಾಗಿಲಲ್ಲಿ ಪೇಚಾಡುವವರು ಬಹಳ.

ಗಾಡಿ ಎಷ್ಟು ದೊಡ್ಡದಿರಬೇಕು

ಇಬ್ಬರಿಗೆ 24ರಿಂದ 26 ಅಡಿಯ ಕ್ಲಾಸ್ ಸಿ ಸಾಕು. ಚಾಲಕನ ತಲೆಯ ಮೇಲೆ ಅಟ್ಟದಂತೆ ಚಾಚಿಕೊಂಡಿರುತ್ತದಲ್ಲ, ಆ ಮಾದರಿ. ಅದಕ್ಕಿಂತ ಉದ್ದವಾದರೆ ದಡದ ಸಣ್ಣ ಪಾರ್ಕಿಂಗ್ ಜಾಗಗಳಲ್ಲಿ ತಿರುಗಿಸಲು ಆಗುವುದಿಲ್ಲ. ಮಂಚ ಎಲ್ಲಿದೆ ಎಂದು ತಪ್ಪದೆ ನೋಡಿ. ಏಣಿ ಹತ್ತಿ ಅಟ್ಟದಲ್ಲಿ ಮಲಗುವ ಗಾಡಿ ಮಂಡಿನೋವಿದ್ದವರಿಗೆ ಸಲ್ಲದು. ಮಂಚ ಹಿಂದುಗಡೆ ಇರಬೇಕು, ಎರಡೂ ಬದಿಯಿಂದ ಇಳಿಯುವಂತಿರಬೇಕು. ಇಲ್ಲದಿದ್ದರೆ ರಾತ್ರಿ ಒಬ್ಬರು ಎದ್ದಾಗಲೆಲ್ಲ ಇನ್ನೊಬ್ಬರನ್ನು ದಾಟಬೇಕಾಗುತ್ತದೆ.

ಇಂಥ ಗಾಡಿ ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡುತ್ತದೆ. ಹೋಗಿಬರುವ 300 ಮೈಲಿಗೆ 30ರಿಂದ 38 ಗ್ಯಾಲನ್ ಪೆಟ್ರೋಲ್ ಲೆಕ್ಕ ಹಾಕಿ. ಬಾಡಿಗೆಯದಾದರೆ ದಿನಕ್ಕೆ ಎಷ್ಟು ಮೈಲಿ, ಜನರೇಟರ್ ಎಷ್ಟು ಗಂಟೆ ಬಾಡಿಗೆಯೊಳಗೆ ಸೇರಿದೆ ಎಂದು ಬರಹದಲ್ಲಿ ಪಡೆಯಿರಿ. ನಿಮ್ಮ ಕಾರಿನ ವಿಮೆ ಆರ್‌ವಿಗೂ ಆಗುತ್ತದೆ ಎಂದು ಊಹಿಸಬೇಡಿ, ಕೇಳಿಯೇ ಖಚಿತಪಡಿಸಿಕೊಳ್ಳಿ. ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರ್‌ವಿ ಟೈರುಗಳು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಮುದಿಯಾಗಿ ಸಿಡಿಯುವುದು ಹೆಚ್ಚು. ಆರೇಳು ವರ್ಷ ದಾಟಿದ್ದರೆ ಬೇರೆ ಗಾಡಿ ಕೇಳಿ.

ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ. ಪೆಟ್ರೋಲ್ ಬಂಕಿನ ಮಾಡಿಗೆ ಮೇಲಿನ ಏಸಿ ಬಡಿಯುವುದು ಎತ್ತರ ಗೊತ್ತಿಲ್ಲದೆ ಅಲ್ಲ, ಆ ಗಳಿಗೆಯಲ್ಲಿ ಮರೆತು.

ಮೂರು ತಂಗುದಾಣ, ಈ ಕ್ರಮದಲ್ಲೇ

61ರಲ್ಲಿ ವಿಳಾಸವೆಂದರೆ ಮೈಲಿಗಲ್ಲು. ಡುಲುತ್‌ನಿಂದ ಎಣಿಕೆ ಶುರು.

ಮೊದಲ ರಾತ್ರಿ 26ನೇ ಮೈಲಿಯ ಸುತ್ತಿನ ಟೂ ಹಾರ್ಬರ್ಸ್ ಊರಿನಲ್ಲಿ, ನಗರಸಭೆಯ ಬರ್ಲಿಂಗ್ಟನ್ ಬೇ ಕ್ಯಾಂಪ್‌ಗ್ರೌಂಡಿನಲ್ಲಿ. ಕರೆಂಟು, ನೀರು, ಒಳಚರಂಡಿ ಮೂರೂ ಇರುವ ಜಾಗವನ್ನೇ ಕೇಳಿ. ಗಾಡಿಯ ಪ್ರತಿಯೊಂದು ಸ್ವಿಚ್ಚು, ನಲ್ಲಿ, ಒಲೆಯನ್ನು ಆ ಸಂಜೆ ಹಚ್ಚಿ ನೋಡಿ. ಏನಾದರೂ ಕೆಟ್ಟಿದ್ದರೆ ಡುಲುತ್ ಅರ್ಧ ಗಂಟೆಯ ದೂರದಲ್ಲಿದೆ.

ಮುಂದಿನ ಎರಡು ರಾತ್ರಿ 39ನೇ ಮೈಲಿಯ ಗೂಸ್‌ಬೆರಿ ಫಾಲ್ಸ್ ರಾಜ್ಯ ಉದ್ಯಾನದಲ್ಲಿ. ಇಲ್ಲಿ ಜಾಗಗಳಿಗೆ ಕರೆಂಟಿಲ್ಲ, ಆದರೆ ಕಾಡು ಮತ್ತು ಅಲೆಯ ಸದ್ದು ಇದೆ. ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಇದೆ. ಸಂದರ್ಶಕ ಕೇಂದ್ರದಿಂದ ಜಲಪಾತಕ್ಕೆ ಗಾಲಿಕುರ್ಚಿ ಹೋಗುವಂಥ ಹಾದಿ ಇದೆ.

ಕೊನೆಯ ಮೂರು ರಾತ್ರಿ 110ನೇ ಮೈಲಿಯ ಗ್ರ್ಯಾಂಡ್ ಮರೇ ಊರಿನ ಬಂದರಿನ ಪಕ್ಕದ ನಗರಸಭೆಯ ಕ್ಯಾಂಪ್‌ಗ್ರೌಂಡಿನಲ್ಲಿ. ಊರು, ದೀಪಸ್ತಂಭ, ಆರ್ಟಿಸ್ಟ್ಸ್ ಪಾಯಿಂಟ್ ಎಂಬ ಬಂಡೆಯ ಚಾಚು, ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಗಾಡಿಯನ್ನು ಒಂದಿಡೀ ದಿನ ಅಲುಗಿಸದೆ ಇರಬಹುದಾದ ಜಾಗ ಈ ದಾರಿಯಲ್ಲಿ ಇದೇ.

ದಾರಿಯಲ್ಲಿ

ದಕ್ಷಿಣದಿಂದ ಬರುವವರಿಗೆ ಮೊದಲ ಪರೀಕ್ಷೆ ಡುಲುತ್‌ಗೆ ಇಳಿಯುವ ಥಾಂಪ್ಸನ್ ಹಿಲ್. ಇಳಿಜಾರು ಶುರುವಾಗುವ ಮೊದಲೇ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಹಿಡಿದಿಡುವ ಟೋ-ಹಾಲ್ ಗುಂಡಿ ಒತ್ತಿ ಅಥವಾ ಗೇರ್ ಇಳಿಸಿ, ಎಂಜಿನ್ನೇ ವೇಗ ಹಿಡಿದಿಡಲಿ. ಬ್ರೇಕಿನ ಮೇಲೆ ಸತತ ಕಾಲಿಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗುಡ್ಡದ ಮೇಲಿನ ವಿಶ್ರಾಂತಿ ತಾಣದಲ್ಲಿ ನಿಂತರೆ ಇಡೀ ಬಂದರು ಕಾಣುತ್ತದೆ, ಚಾಲಕರಿಗೂ ಒಂದು ಉಸಿರು.

ಈಶಾನ್ಯಕ್ಕೆ ಹೋಗುವಾಗ ಸರೋವರ ನಿಮ್ಮ ಬಲಕ್ಕಿರುತ್ತದೆ. ಅಮೆರಿಕದಲ್ಲಿ ವಾಹನ ರಸ್ತೆಯ ಬಲಕ್ಕೆ ಓಡುವುದರಿಂದ ದಡದ ಕಡೆಯ ನಿಲುಗಡೆಗಳಿಗೆ ಎದುರಿನ ವಾಹನಗಳನ್ನು ದಾಟದೆ ಸಲೀಸಾಗಿ ಹೊಕ್ಕುಬಿಡಬಹುದು. ಆದ್ದರಿಂದ ಸರೋವರ ನೋಡುವ ನಿಲುಗಡೆಗಳನ್ನೆಲ್ಲ ಹೋಗುವಾಗಲೇ ಮುಗಿಸಿ, ಗುಡ್ಡದ ಕಡೆಯವನ್ನು ಬರುವಾಗ ಇಟ್ಟುಕೊಳ್ಳಿ. 25 ಅಡಿ ಗಾಡಿಯಲ್ಲಿ ಎಡಕ್ಕೆ ತಿರುಗಲು ಕಾಯುವುದು ಹೋಗುವವರಿಗೂ ಹಿಂದಿರುವವರಿಗೂ ಕಷ್ಟ.

46ನೇ ಮೈಲಿಯ ಬಳಿ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ನವೆಂಬರಿನ ಬಿರುಗಾಳಿಯಲ್ಲಿ ಹಡಗುಗಳು ನುಚ್ಚುನೂರಾದ ಮೇಲೆ ಕಟ್ಟಿ 1910ರಲ್ಲಿ ಬೆಳಗಿಸಿದ್ದು. ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು 29 ಮಂದಿಯೊಂದಿಗೆ 1975ರ ನವೆಂಬರ್ 10ರಂದು ಇದೇ ಸರೋವರದಲ್ಲಿ ಮುಳುಗಿತು. ಪ್ರತಿವರ್ಷ ಆ ದಿನ ಇಲ್ಲಿ ದೀಪ ಹಚ್ಚುತ್ತಾರೆ. ಮುಂದೆ ಸಿಗುವ ಪ್ಯಾಲಿಸೇಡ್ ಹೆಡ್ ಬಂಡೆಯ ನೆತ್ತಿಗೆ ಮಾತ್ರ ಆರ್‌ವಿ ಹತ್ತಿಸಬೇಡಿ. ರಸ್ತೆ ಕಿರಿದು, ಕಡಿದಾಗಿದೆ. ಬದಲಿಗೆ 58ನೇ ಮೈಲಿಯ ಟೆಟ್ಟಗೂಷ್ ಉದ್ಯಾನದ ದೊಡ್ಡ ಪಾರ್ಕಿಂಗಿನಲ್ಲಿ ನಿಲ್ಲಿಸಿ ಶವಲ್ ಪಾಯಿಂಟ್‌ವರೆಗೆ ನಡೆಯಿರಿ.

124ನೇ ಮೈಲಿಯ ಜಡ್ಜ್ ಮ್ಯಾಗ್ನಿ ಉದ್ಯಾನದಲ್ಲಿ ಬ್ರೂಲ್ ನದಿ ಎರಡಾಗಿ ಸೀಳಿ ಒಂದು ಪಾಲು ಡೆವಿಲ್ಸ್ ಕೆಟಲ್ ಎಂಬ ಬಂಡೆಯ ಗುಂಡಿಯೊಳಗೆ ಮಾಯವಾಗುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆಂದು ಜನ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. ಜಲಪಾತದ ಮೇಲೆ ಮತ್ತು ಕೆಳಗೆ ಹರಿವನ್ನು ಅಳೆದಾಗ ಹೆಚ್ಚುಕಡಿಮೆ ಒಂದೇ ಬಂತು, ಅಂದರೆ ನೀರು ಸ್ವಲ್ಪ ಕೆಳಗೆ ನದಿಯನ್ನೇ ಸೇರುತ್ತದೆ. ನೋಡಲು ಒಂದು ಮೈಲಿ ನಡಿಗೆ, ನಡುವೆ ಸುಮಾರು 200 ಮೆಟ್ಟಿಲು. ಮಂಡಿ ಒಪ್ಪದಿದ್ದರೆ ಬೇಸರ ಬೇಡ, ನೇರ ಗ್ರ್ಯಾಂಡ್ ಪೋರ್ಟೇಜ್ ಉದ್ಯಾನಕ್ಕೆ ಹೋಗಿ. ಪಿಜನ್ ನದಿಯ 120 ಅಡಿಯ ಹೈ ಫಾಲ್ಸ್‌ಗೆ ಅಲ್ಲಿ ಅರ್ಧ ಮೈಲಿಯ ಸಲೀಸಾದ ಹಾದಿ ಇದೆ. ಆ ಉದ್ಯಾನದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಗಡಿಠಾಣೆಗೆ ತೀರಾ ಹತ್ತಿರವಾದ್ದರಿಂದ ತಿರುವು ತಪ್ಪಿಸಿಕೊಂಡರೆ ಕೆನಡಾದ ಸರದಿಯಲ್ಲಿ ನಿಂತಿರುತ್ತೀರಿ, ಪಾಸ್‌ಪೋರ್ಟ್ ಜೊತೆಗಿರಲಿ. ಅಲ್ಲಿ ಫೋನು ಕೆನಡಾದ ಟವರ್ ಹಿಡಿದು ಗಡಿಯಾರವನ್ನು ಒಂದು ಗಂಟೆ ಮುಂದೆ ಓಡಿಸುವುದುಂಟು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಕೈಗಡಿಯಾರ ಕಟ್ಟಿಕೊಳ್ಳಿ.

ಪೆಟ್ರೋಲನ್ನು ಗ್ರ್ಯಾಂಡ್ ಮರೇಯಲ್ಲೇ ತುಂಬಿಸಿ. ಸಂಜೆ ನಾಲ್ಕರೊಳಗೆ ಗಾಡಿ ನಿಂತಿರಲಿ. ಮುಸ್ಸಂಜೆಗೆ ಜಿಂಕೆ, ಜಿಂಕೆಯ ಜಾತಿಯದೇ ಆದ ಭಾರಿ ಗಾತ್ರದ ಮೂಸ್ ರಸ್ತೆಗಿಳಿಯುತ್ತವೆ.

ಗಾಡಿ ಕೂರಿಸುವ ಕ್ರಮ

1. ಒಬ್ಬರು ಇಳಿದು ಹಿಂದೆ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿ. ಕನ್ನಡಿಯಲ್ಲಿ ಕಾಣದ ಕ್ಷಣ ಗಾಡಿ ನಿಲ್ಲಬೇಕು, ಇದೊಂದು ನಿಯಮ ಮುರಿಯಬಾರದು. ಕೂಗಾಟ ಬೇಡ, ಕೈಸನ್ನೆಯನ್ನು ಮೊದಲೇ ಮಾತಾಡಿಕೊಳ್ಳಿ.

2. ರಸಮಟ್ಟ ಇಟ್ಟು ನೋಡಿ, ತಗ್ಗಿದ ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡಿ. ಇದು ನಿದ್ದೆಗಷ್ಟೇ ಅಲ್ಲ. ಗ್ಯಾಸಿನಲ್ಲಿ ನಡೆಯುವ ಆರ್‌ವಿ ಫ್ರಿಜ್ಜಿನಲ್ಲಿ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೆಳಗೆ ಹರಿಯುತ್ತದೆ. ವಾಲಿ ನಿಂತರೆ ಅದು ಒಂದೆಡೆ ನಿಂತು ಕಾದು, ಫ್ರಿಜ್ಜು ಶಾಶ್ವತವಾಗಿ ಕೆಡಬಹುದು. ಇನ್ಸುಲಿನ್ ಇಟ್ಟವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಒಳಗೊಂದು ಥರ್ಮಾಮೀಟರ್ ಇಡಿ. ಹೊರಡುವ ಹಿಂದಿನ ದಿನವೇ ಫ್ರಿಜ್ಜು ಹಚ್ಚಿ, ತಣ್ಣಗಾಗಲು ಎಂಟು ಗಂಟೆಗೂ ಮೇಲೆ ಬೇಕು.

3. ಚಕ್ರಗಳಿಗೆ ಬೆಣೆ ಕೊಡಿ.

4. ಕರೆಂಟಿನ ಕಂಬದಲ್ಲಿ ಬ್ರೇಕರ್ ಇಳಿಸಿ, ಪ್ಲಗ್ ಸಿಕ್ಕಿಸಿ, ಆಮೇಲೆ ಬ್ರೇಕರ್ ಎತ್ತಿ. 30 ಆಂಪ್‌ನ ಸಂಪರ್ಕ ಎಂದರೆ ಅಮೆರಿಕದ 120 ವೋಲ್ಟ್‌ನಲ್ಲಿ 3,600 ವಾಟ್ ಮಾತ್ರ. ಕೋಣೆಯ ಹೀಟರ್ 1,500, ನೀರು ಕಾಯಿಸುವ ಕಾಯಿಲ್ 1,400 ತಿನ್ನುತ್ತವೆ. ಅದರ ಮೇಲೆ ಮೈಕ್ರೋವೇವ್ ಹಚ್ಚಿದಿರೋ ಕತ್ತಲೆ.

5. ನೀರಿನ ನಲ್ಲಿಗೆ ಮೊದಲು ಒತ್ತಡ ನಿಯಂತ್ರಕ, ಅದಕ್ಕೆ ಕುಡಿಯುವ ನೀರಿನ ಪೈಪು. ಒತ್ತಡ 40ರಿಂದ 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಸಾಕು. ಬಿಸಿನೀರಿನ ನಲ್ಲಿ ತೆರೆದು, ಬುಸುಗುಡುವ ಗಾಳಿ ಹೋಗಿ ನೀರು ಒಂದೇ ಸಮ ಬಂದ ಮೇಲಷ್ಟೇ ನೀರಿನ ಹೀಟರ್ ಹಚ್ಚಿ. ಖಾಲಿ ಟ್ಯಾಂಕಿನಲ್ಲಿ ಹಚ್ಚಿದರೆ ಕಾಯಿಲ್ ಸುಟ್ಟುಹೋಗಲು ನಿಮಿಷವೂ ಬೇಡ.

6. ಪಕ್ಕದ ಮಡಚುವ ಚಪ್ಪರವನ್ನು ನೀವು ಅದರಡಿ ಕೂತಿರುವಾಗ ಮಾತ್ರ ಬಿಚ್ಚಿ. ಸರೋವರದ ಗಾಳಿ ಹೇಳದೆ ಕೇಳದೆ ಏಳುತ್ತದೆ, ಚಪ್ಪರದ ತೋಳುಗಳನ್ನು ಮುರಿದುಬಿಡುತ್ತದೆ.

ಕರೆಂಟಿಲ್ಲದ ಎರಡು ರಾತ್ರಿ

ಹೆಚ್ಚಿನವರು ಎಡವುವುದು ಇಲ್ಲಿ. ಗಾಡಿಯ ಕೊಠಡಿ ಹೀಟರ್ ಗ್ಯಾಸಿನಲ್ಲಿ ಉರಿಯುತ್ತದೆ ನಿಜ, ಆದರೆ ಬಿಸಿಗಾಳಿ ಊದುವ ಫ್ಯಾನು ಬ್ಯಾಟರಿಯದು. ಅದು ಸುಮಾರು 7 ಆಂಪ್ ಎಳೆಯುತ್ತದೆ. ಚಳಿಯ ರಾತ್ರಿ ಬಿಟ್ಟು ಬಿಟ್ಟು ಒಟ್ಟು ಐದು ಗಂಟೆ ಓಡಿದರೆ 35 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದರೆ ಸಿಗುವ, ಬ್ಯಾಟರಿಯ ಖರ್ಚಿನ ಅಳತೆ). ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಹಾಕಿ ಮಲಗುವವರಿದ್ದರೆ, ತೇವ ಕೊಡುವ ಭಾಗ ಆರಿಸಿದ ಮೇಲೂ 3 ಆಂಪ್‌ನಂತೆ ಎಂಟು ಗಂಟೆಗೆ 24. ಒಟ್ಟು 59. 100 ಆಂಪ್-ಅವರ್‌ನ ಮಾಮೂಲಿ ಸೀಸ-ಆಮ್ಲ ಬ್ಯಾಟರಿಯಿಂದ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದು ಬೇಗ ಸಾಯುತ್ತದೆ. ಅಲ್ಲಿಗೆ ಕೈಗೆ ಸಿಗುವುದು 50. ನಸುಕಿನ ನಾಲ್ಕಕ್ಕೆ ಹೀಟರ್ ಸದ್ದಿಲ್ಲದೆ ನಿಲ್ಲುವುದು ಈ ಲೆಕ್ಕದಿಂದಲೇ. ಎರಡು ಬ್ಯಾಟರಿಯ ಅಥವಾ ಲಿಥಿಯಂ ಬ್ಯಾಟರಿಯ ಗಾಡಿ ಕೇಳಿ. ಥರ್ಮೋಸ್ಟಾಟನ್ನು 60 ಫ್ಯಾರನ್‌ಹೀಟಿಗೆ ಇಳಿಸಿ ದಪ್ಪ ಹೊದಿಕೆ ಹೊದ್ದುಕೊಳ್ಳಿ. ಉದ್ಯಾನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ನಿಶ್ಶಬ್ದದ ಹೊತ್ತು, ಜನರೇಟರ್ ಹಚ್ಚಿ ಬ್ಯಾಟರಿ ತುಂಬುವ ಕೆಲಸ ಎಂಟರ ಮೇಲೆ. ಒಲೆ ಹಚ್ಚಿ ಮೈ ಕಾಯಿಸುವುದು ಮಾತ್ರ ಎಂದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದನ್ನು ಹಿಡಿಯುವ ಅಲಾರಂನ ಗುಂಡಿ ಒತ್ತಿ ಪರೀಕ್ಷಿಸಿ, ಅದರ ಅವಧಿಯ ದಿನಾಂಕವನ್ನೂ ಓದಿ.

ಹೊಲಸು ನೀರು

ಪಾತ್ರೆ, ಸ್ನಾನದ ನೀರು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಮೊದಲು ತುಂಬುವುದು ಗ್ರೇ, ಆದ್ದರಿಂದ ಗೂಸ್‌ಬೆರಿಯಲ್ಲಿ ಸ್ನಾನಕ್ಕೆ ಉದ್ಯಾನದ ಸ್ನಾನಗೃಹ ಬಳಸಿ. ಒಳಚರಂಡಿ ಇರುವ ಜಾಗದಲ್ಲಿ ಪೈಪು ಜೋಡಿಸಿದರೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಲಿ. ತೆರೆದಿಟ್ಟರೆ ನೀರಷ್ಟೇ ಹರಿದು, ಗಟ್ಟಿಯದೆಲ್ಲ ಟ್ಯಾಂಕಿನ ತಳದಲ್ಲಿ ಗೋಪುರದಂತೆ ಕೂರುತ್ತದೆ. ಆಮೇಲೆ ಕಿತ್ತು ತೆಗೆಯುವುದು ದುಬಾರಿ ಕೆಲಸ. ಮೂರನೇ ಎರಡು ಭಾಗ ತುಂಬಿದಾಗ ಕೈಗವಸು ಹಾಕಿ ಮೊದಲು ಬ್ಲ್ಯಾಕ್ ಖಾಲಿ ಮಾಡಿ, ವಾಲ್ವ್ ಮುಚ್ಚಿ, ನಂತರ ಗ್ರೇ ಬಿಡಿ. ಸಾಬೂನು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೊನೆಗೆ ಬ್ಲ್ಯಾಕ್ ಟ್ಯಾಂಕಿಗೆ ಎರಡು ಗ್ಯಾಲನ್ ನೀರು ಮತ್ತು ಶೌಚ ಟ್ಯಾಂಕಿಗೆಂದೇ ಮಾರುವ ಔಷಧ ಹಾಕಿ ಮುಚ್ಚಿ. ತಳ ಒಣಗಬಾರದು.

ದಡಕ್ಕಿಳಿದಾಗ

ಸುಪೀರಿಯರ್‌ನ ಗರಿಷ್ಠ ಆಳ 406 ಮೀಟರ್, ಬೇಸಿಗೆಯಲ್ಲೂ ನೀರು ಕೊರೆಯುತ್ತದೆ. ಕಪ್ಪು ಬಂಡೆ ಒದ್ದೆಯಾಗಿದ್ದರೆ ಕಾಲಿಡಬೇಡಿ: ಬಂಡೆ ಒದ್ದೆಯಿದೆ ಎಂದರೆ ಅಲೆ ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಊರುಗೋಲು, ಹಲ್ಲಿನ ಅಡಿಯ ಬೂಟು ಇರಲಿ. ಕೆಂಪು ಪಟ್ಟೆಯ ಅಗೇಟ್ ಕಲ್ಲು ಮಿನ್ನೆಸೋಟದ ರಾಜ್ಯರತ್ನ. ಉದ್ಯಾನಗಳೊಳಗೆ ಆರಿಸಿ ಒಯ್ಯುವಂತಿಲ್ಲ. ಸೌದೆಯನ್ನು ಬೇರೆ ಊರಿನಿಂದ ತರಬೇಡಿ, ಅಲ್ಲಲ್ಲೇ ಮಾರುವ ಒಪ್ಪಿಗೆ ಪಡೆದ ಸೌದೆ ಕೊಳ್ಳಿ. ಆಶ್ ಮರಗಳನ್ನು ಕೊಲ್ಲುವ ಹುಳು ಸೌದೆಯಲ್ಲೇ ಕೂತು ಊರೂರು ತಿರುಗುತ್ತದೆ.

ಹೊರಡುವ ಮುನ್ನ

ಒಬ್ಬರು ಮುಗಿಸಿದ್ದನ್ನು ಇನ್ನೊಬ್ಬರು ಸುತ್ತಿ ನೋಡಬೇಕು: ಚಾವಣಿಯ ಕಿಂಡಿ ಮುಚ್ಚಿದೆಯೇ, ಮೆಟ್ಟಿಲು ಒಳಗೆ ಹೋಗಿದೆಯೇ, ಕರೆಂಟಿನ ಕೇಬಲ್ ಕಿತ್ತಿದೆಯೇ, ಬೆಣೆ ತೆಗೆದಿದೆಯೇ, ಕಪಾಟುಗಳ ಚಿಲಕ ಬಿದ್ದಿದೆಯೇ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಗ್ಯಾಸ್ ಬಂದ್ ಮಾಡಿ. ಇಬ್ಬರಿಗೂ ಎರಡೂ ಕೆಲಸ ಬರಬೇಕು. ಓಡಿಸುವವರಿಗೆ ಒಂದು ದಿನ ಜ್ವರ ಬಂದರೆ ಇನ್ನೊಬ್ಬರು ಗಾಡಿಯನ್ನು ಡುಲುತ್‌ಗೆ ತರುವಂತಿರಬೇಕು, ಅದಕ್ಕಾಗಿ ಮೊದಲ ದಿನವೇ ಖಾಲಿ ಪಾರ್ಕಿಂಗಿನಲ್ಲಿ ಇಬ್ಬರೂ ಅರ್ಧ ಗಂಟೆ ಓಡಿಸಿ ನೋಡಿ. ತಿರುಗುವಾಗ ಹಿಂಬದಿ ಚಕ್ರದ ಹಿಂದಿನ ಭಾಗ ಎದುರು ದಿಕ್ಕಿಗೆ ಎಷ್ಟು ಬೀಸುತ್ತದೆ ಎಂಬುದು ಹಾಗೆ ಮಾಡಿದರಷ್ಟೇ ಅಂದಾಜಿಗೆ ಸಿಗುತ್ತದೆ. ಬಾಡಿಗೆ ಗಾಡಿಯನ್ನು ಪಡೆದಾಗಲೂ ಒಪ್ಪಿಸುವಾಗಲೂ ನಾಲ್ಕೂ ಬದಿ, ಚಾವಣಿಯ ಅಂಚು, ಮೈಲಿ ಮತ್ತು ಜನರೇಟರ್ ಮೀಟರಿನ ಫೋಟೊ ತೆಗೆದಿಡಿ.